ಎರಡು ಬೀಗದ ಕಪಾಟು

ಗೆಳೆಯರೇ, ಇವತ್ತು ನಮ್ಮ ಶಾಲೆಯ ಆಡಿಟ್ ಗದ್ದೆಯ ಬದುವಿನ ಮೇಲೆ ಕೂತಿತ್ತು.

ನಾನು ಸಿದ್ದಾಪುರದ ಕಡೆಯ ಸರ್ಕಾರಿ ಶಾಲೆಯೊಂದರ ಮುಖ್ಯೋಪಾಧ್ಯಾಯ. ಕೇಂದ್ರದ ಅನುದಾನದ ಕಡತಗಳಿರುವ ಕಪಾಟಿಗೆ ಎರಡು ಬೀಗ ಹಾಕಿ, ಒಂದು ಕೀಲಿ ನನ್ನ ಬಳಿ, ಇನ್ನೊಂದು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಅಧ್ಯಕ್ಷೆಯ ಬಳಿ ಇರಲಿ ಎಂದು ಹೋದ ವರ್ಷ ಆಡಿಟರ್ ಬರೆದು ಹೋಗಿದ್ದರು. ಇವತ್ತು ಅವರೇ ಹೇಳದೆ ಕೇಳದೆ ಬಂದರು. ಆಡಿಟ್ ಆಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಅಧ್ಯಕ್ಷೆ ಹುಲಿಗೆಮ್ಮ ಭತ್ತದ ನಾಟಿಗೆ ಹೋಗಿದ್ದರು. ನಾನೂ ಆಡಿಟರೂ ಗದ್ದೆಗೇ ಹೋದೆವು.

"ಕೀಲಿ ಕೊಡ್ರಿ, ಹುಲಿಗೆಮ್ಮ," ಎಂದೆ.

ಅವರು ಸೆರಗಿನ ಗಂಟು ಮುಟ್ಟಿ ನೋಡಿಕೊಂಡರು. "ಕೊಡಂಗಿಲ್ರಿ ಸರ. ಎರಡೂ ಕೀಲಿ ಒಬ್ಬರ ಕೈಯಾಗ ಇರಬಾರ್ದು ಅಂತ ಸಾಹೇಬ್ರು ಬರದಾರ."

"ಬರದಾಂವ ನಾನ ಅದೀನಿ, ಅಮ್ಮಾ!" ಎಂದರು ಆಡಿಟರ್.

"ಹಂಗಾರ ನಿಮಗ ತಿಳಿಸಿ ಹೇಳೂದ ಬ್ಯಾಡ. ಈ ಮಡಿ ನಾಟಿ ಮುಗಿಸಿ ಬರ್ತೀನಿ, ಕುಂದರ್ರಿ."

ಎರಡು ತಾಸು ಕೂತೆವು. ಆಮೇಲೆ ಕಪಾಟು ತೆರೆಯಿತು, ಎಲ್ಲವೂ ಸರಿಯಿತ್ತು. ಈ ಸಲದ ಷರಾ: "ಆಂತರಿಕ ನಿಯಂತ್ರಣ ಬಹಳ ಬಿಗಿಯಾಗಿದೆ." ಅದರ ಕೆಳಗೆ ಪೆನ್ಸಿಲಿನಲ್ಲಿ: "ನಾಟಿಯ ದಿನಗಳಲ್ಲಿ ಬರಬಾರದು."