ಠಾಣೆಗೆ ಹೋದ ಅಮ್ಮನ ಕೋವಿ

ಸಕಲೇಶಪುರದ ನನ್ನ ಹೊಲಿಗೆ ಅಂಗಡಿಗೆ ಮಧ್ಯಾಹ್ನ ಗಿರಾಕಿಗಳು ಕಡಿಮೆ. ಆ ಹೊತ್ತಿನಲ್ಲಿ ನಾನು ಬೆಂಕಿಪೊಟ್ಟಣದಷ್ಟು ಚಿಕ್ಕ ಮಂಚ, ಬೆರಳುದ್ದದ ಬಾಗಿಲು ಮಾಡುತ್ತಾ ಕೂರುತ್ತೇನೆ. ಒಣಗಿದ ಕಾಫಿ ಗಿಡದ ಕಟ್ಟಿಗೆ ಇದಕ್ಕೆ ಬಲು ಚೆನ್ನ. ಮಾಡಿದ್ದರ ಫೋಟೊ ತೆಗೆದು, ನನ್ನಂಥದೇ ಹುಚ್ಚಿನವರು ಸೇರಿಕೊಂಡಿರುವ ಆನ್‌ಲೈನ್ ಗುಂಪೊಂದಕ್ಕೆ ಹಾಕುತ್ತೇನೆ. ಅಮೆರಿಕದವರು, ಇಂಗ್ಲೆಂಡಿನವರು, ಜಪಾನಿನವರು ಎಲ್ಲ ಇದ್ದಾರೆ. ನನ್ನ ಅರೆಬರೆ ಇಂಗ್ಲಿಷಿಗೆ ಮೊಬೈಲೇ ಆಸರೆ.

ಗುಂಪಿನ ವರ್ಷದ ಪ್ರದರ್ಶನಕ್ಕೆಂದು ಬೆಳಗೋಡಿನ ಹತ್ತಿರದ ನನ್ನ ತವರುಮನೆಯ ಜಗಲಿಯ ಪುಟ್ಟ ಮಾದರಿ ಮಾಡಿದ್ದೆ. ತಿಂಗಳುಗಟ್ಟಲೆ ಕಣ್ಣು ಕಿರಿದು ಮಾಡಿಕೊಂಡು ಮಾಡಿದ ಕೆಲಸ. ಅದರ ಗೋಡೆಯ ಮೇಲೆ ಕಡ್ಡಿಯಷ್ಟುದ್ದದ ಅಮ್ಮನ ಕೋವಿಯೂ ಇತ್ತು. ಅಪ್ಪ ತೀರಿಕೊಂಡ ಮೇಲೆ ನಿಜವಾದ ಕೋವಿಯ ಲೈಸೆನ್ಸು ಅಮ್ಮನ ಹೆಸರಿಗೇ ಆಯಿತು. ಅವಳ ಜೊತೆಗಿರುವ ನನ್ನಣ್ಣ ಪಟಾಕಿ ಸದ್ದಿಗೇ ಕಿವಿ ಮುಚ್ಚಿಕೊಳ್ಳುವ ಧೀರ. ಗದ್ದೆಗೆ ಹಂದಿ ನುಗ್ಗಿದರೆ ಆಕಾಶಕ್ಕೆ ಗುಂಡು ಹಾರಿಸಿ ಓಡಿಸುವುದು ಅಮ್ಮನೇ.

ಫೋಟೊ ಹಾಕಿದ್ದೇ ತಡ, ನನ್ನ ಜಗಲಿಯನ್ನು ಬಿಟ್ಟು ಎಲ್ಲರೂ ಕೋವಿಯ ಹಿಂದೆ ಬಿದ್ದರು. ಇಂಗ್ಲೆಂಡಿನ ಹೆಂಗಸೊಬ್ಬಳಿಗೆ ಇಷ್ಟು ಚಂದದ ಮನೆಯಲ್ಲಿ ಕೊಲ್ಲುವ ವಸ್ತು ಕಂಡು ಸಂಕಟವಾಯಿತಂತೆ. ಅಮೆರಿಕದ ಒಬ್ಬ ಅವಳ ಮೇಲೆ ಹರಿಹಾಯ್ದ: ಕೋವಿ ಇಟ್ಟುಕೊಳ್ಳುವುದು ಹುಟ್ಟಿನಿಂದ ಬಂದ ಹಕ್ಕು, ಸರ್ಕಾರವನ್ನು ನಂಬಬಾರದು. ಅವನ ದೇಶದವನೇ ಇನ್ನೊಬ್ಬ, ತನ್ನ ಮಗಳ ಶಾಲೆಯಲ್ಲಿ ಗುಂಡು ಹಾರಿದರೆ ಅಡಗಿಕೊಳ್ಳುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡುತ್ತಾರೆ ಎಂದು ಬರೆದ. ಅದನ್ನು ಎರಡು ಸಲ ಓದಿದೆ. ಆದರೂ ನನಗೆ ಸಿಟ್ಟು. ನನ್ನ ಅಮ್ಮನ ಕೋವಿ ಹಕ್ಕೂ ಅಲ್ಲ, ಪಾಪವೂ ಅಲ್ಲ, ಹಾರೆ ಗುದ್ದಲಿಯ ಹಾಗೆ ಮನೆಯದೊಂದು ಸಾಮಾನು. ಕೊನೆಗೆ ಗುಂಪು ನಡೆಸುವವರು ತೀರ್ಪು ಕೊಟ್ಟರು: ವಾರದೊಳಗೆ ಕೋವಿ ತೆಗೆಯಬೇಕು, ಇಲ್ಲದಿದ್ದರೆ ಜಗಲಿ ಪ್ರದರ್ಶನದಲ್ಲಿ ಇರುವುದಿಲ್ಲ. ಅಮ್ಮನ ಕೋವಿಯನ್ನು ಯಾರದೋ ಮಾತಿಗೆ ಕಿತ್ತುಹಾಕಲು ನನಗೆ ಮನಸ್ಸಿರಲಿಲ್ಲ.

ಅದೇ ವಾರ ಎಲೆಕ್ಷನ್ ಘೋಷಣೆಯಾಯಿತು. ಎಲೆಕ್ಷನ್ ಬಂದರೆ ನಮ್ಮ ಕಡೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆ ಸೇರಬೇಕು. ತವರಿಗೆ ಹೋಗಿ ಅಮ್ಮನ ಜೊತೆ ನಾನೂ ಬಸ್ ಹತ್ತಿದೆ. ಹಳೆಯ ಸೀರೆಯಲ್ಲಿ ಸುತ್ತಿದ ಕೋವಿ ಅವಳ ತೊಡೆಯ ಮೇಲಿತ್ತು. ಕಂಡಕ್ಟರ್‌ಗೆ ನೋಡಿದ ಕೂಡಲೇ ಗೊತ್ತಾಯಿತು.

"ಓಹೋ, ಎಲೆಕ್ಷನ್ ಬಂತು ಅನ್ನಿ. ಹೆಂಗಸ್ರಿಗೆ ಫ್ರೀ ಕಣಮ್ಮ, ಕೋವಿಗೆ ಟಿಕೆಟ್ ತಗೋಬೇಕು."

"ಅದೂ ನನ್ ಹೆಸ್ರಲ್ಲೇ ಐತೆ, ಹೋಗೋ ಮಾರಾಯ," ಅಂದಳು ಅಮ್ಮ. ಬಸ್ಸಿಗೆ ಬಸ್ಸೇ ನಕ್ಕಿತು. ಠಾಣೆಯಲ್ಲಿ ಎಸ್ಟೇಟ್ ಮಾಲೀಕರ ಸಾಲಿನಲ್ಲಿ ಅವಳೊಬ್ಬಳೇ ಹೆಂಗಸು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಳು. ಅವಳ ಹಿಂದೆ ನಿಂತ ನನಗೆ ಹೆಮ್ಮೆ ತಡೆಯಲಾಗಲಿಲ್ಲ.

ಅಂಗಡಿಗೆ ಬಂದವಳೇ ಪುಟ್ಟ ಜಗಲಿಯ ಗೋಡೆಯಿಂದ ಕೋವಿ ತೆಗೆದೆ. ಖಾಲಿ ಗೋಡೆಯ ಫೋಟೊ ಹಾಕಿ ಬರೆದೆ: "ನಿಮ್ಮ ನಿಯಮಕ್ಕಾಗಿ ತೆಗೆದದ್ದಲ್ಲ. ನಮ್ಮ ಮನೆಯ ಗೋಡೆಯೂ ಈಗ ಹೀಗೇ ಇದೆ. ವೋಟು ಎಣಿಸುವವರೆಗೆ ನಮ್ಮೂರಿನಲ್ಲಿ ಕೋವಿ ಪೊಲೀಸರ ಹತ್ತಿರ ಇರುತ್ತದೆ. ಅಮ್ಮನದು ಮನೆಗೆ ಬಂದ ದಿನ ಇದನ್ನೂ ಮತ್ತೆ ನೇತುಹಾಕುತ್ತೇನೆ."

ಜಗಳವಾಡುತ್ತಿದ್ದವರೆಲ್ಲ ಒಮ್ಮೆಲೇ ತಣ್ಣಗಾದರು. ಜಗಲಿ ಪ್ರದರ್ಶನದಲ್ಲಿ ಉಳಿಯಿತು. ಕೋವಿ ಬಂದಾಗ ತಾವೂ ನೋಡಬೇಕು ಎಂದು ಗುಂಪಿನವರೇ ಬರೆದರು. ಹಕ್ಕಿನ ಮಾತಾಡಿದ್ದ ಅಮೆರಿಕದವನಿಗೆ ಮಾತ್ರ ಸಮಾಧಾನವಿಲ್ಲ. ನಿನ್ನ ತಾಯಿ ತಾನಾಗಿ ಒಯ್ದು ಕೊಟ್ಟಳೇ, ಸರ್ಕಾರ ವಾಪಸ್ ಕೊಡದಿದ್ದರೆ ಏನು ಮಾಡುತ್ತಾಳೆ, ಎಂದು ಕೇಳಿದ.

ಫೋನು ಮಾಡಿ ಅಮ್ಮನನ್ನೇ ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಕೊಡ್ದೆ ಏನ್ ಮಾಡ್ತಾರೆ? ಅವ್ರನ್ನ ಕುರ್ಚೀಲಿ ಕೂರ್ಸೋರು ನಾವೇ ಅಲ್ವೇನೆ?"

ಹಾಗೆಯೇ ಬರೆದು ಕಳಿಸಿದೆ.