ಬರ್ತೇನ್ರಿ ಅಂದ ದೆವ್ವ

ನನಗೆ ದೆವ್ವದ ಸಿನಿಮಾ ಎಂದರೆ ಹುಚ್ಚು. ಮುಂಡರಗಿಯಲ್ಲಿ ಬಳೆ ಅಂಗಡಿ ಇಟ್ಟುಕೊಂಡ ಹೆಂಗಸಿಗೆ ಇದೆಂಥ ಹುಚ್ಚು ಎಂದು ನನ್ನ ಗಂಡ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದ. ಆಡಿಕೊಳ್ಳಲಿ. ಅವನಿಗೆ ಕ್ರಿಕೆಟ್ ಹುಚ್ಚಿತ್ತು, ಅದರಲ್ಲಿ ಸತ್ತವರು ಯಾರೂ ಎದ್ದು ಬರುವುದಿಲ್ಲ. ಸರಿಯಾಗಿ ಹೇಳಬೇಕೆಂದರೆ ನನ್ನದು ಒಬ್ಬರೇ ಒಬ್ಬ ನಿರ್ದೇಶಕರ ದೆವ್ವಗಳ ಹುಚ್ಚು. ಅವರ ಹೆಸರು ಹೇಳಿದರೆ ಸಿನಿಮಾ ಅರೆದು ಕುಡಿದವರೂ ಯಾರು ಎಂದು ಕೇಳುತ್ತಾರೆ. ಅದಕ್ಕೇ ಹೇಳುವುದಿಲ್ಲ.

ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನಾವಿನ್ನೂ ವಿಳಾಸದಲ್ಲಿ ಕೈತಪ್ಪಿ ಜಿಲ್ಲಾ ಧಾರವಾಡ ಎಂದೇ ಬರೆಯುತ್ತಿದ್ದೆವು. ಬಳೆ ಮಾಲು ತರಲು ಗದಗಕ್ಕೆ ಹೋದಾಗ, ನನ್ನ ಹತ್ತಿರವೇ ಇರುತ್ತಿದ್ದ ಅವ್ವನೂ ಜೊತೆಗೆ ಬಂದಿದ್ದಳು. ಕೆಲಸ ಬೇಗ ಮುಗಿಯಿತು. ಹೊರಗೆ ಕೆಟ್ಟ ಬಿಸಿಲು. ಫ್ಯಾನಿನ ಕೆಳಗೆ ಕೂತರಾಯಿತು ಎಂದು ಮ್ಯಾಟಿನಿಗೆ ಹೋದೆವು. ಆ ನಿರ್ದೇಶಕರ ಸಿನಿಮಾ ನಾನು ನೋಡಿದ್ದು ಅದೇ ಮೊದಲು.

ಆ ಸಿನಿಮಾದಲ್ಲಿ ಬಿಳಿ ಸೀರೆ ಇರಲಿಲ್ಲ, ಗೆಜ್ಜೆ ಸದ್ದಿರಲಿಲ್ಲ, ಕತ್ತಲೂ ಇರಲಿಲ್ಲ. ಸತ್ತುಹೋದ ಸೊಸೆ ಇಳಕಲ್ ಸೀರೆ ಉಟ್ಟು, ಮಧ್ಯಾಹ್ನ ಮನೆಯವರೆಲ್ಲ ಉಂಡು ಅಡ್ಡಾದ ಹೊತ್ತಿಗೆ ಹಿತ್ತಲ ಬಾಗಿಲಿಂದ ಬರುತ್ತಾಳೆ. ಅತ್ತೆಯ ಎದುರು ಕೂತು ನೀರು ಕೇಳುತ್ತಾಳೆ, ಜೋಳ ಹಸನು ಮಾಡಿದ್ದಾಯಿತೇ ಎಂದು ವಿಚಾರಿಸುತ್ತಾಳೆ. ಮಾತೆಲ್ಲ ನಮ್ಮ ಕಡೆಯದು. ಆಗೆಲ್ಲ ಸಿನಿಮಾದವರು ನಮ್ಮ ಮಾತನ್ನು ನಗಿಸುವವರ ಬಾಯಿಗಷ್ಟೇ ಹಾಕುತ್ತಿದ್ದರು. ಇವರು ದೆವ್ವದ ಬಾಯಿಗೆ ಹಾಕಿದ್ದರು. ನಾನು ಅವ್ವನ ಸೆರಗು ಹಿಡಿದುಕೊಂಡೆ, ಯಾಕೆಂದರೆ ತೀರಿಕೊಂಡಿದ್ದ ನಮ್ಮ ಚಿಕ್ಕವ್ವ ಮಾತಾಡುತ್ತಿದ್ದುದೂ ಹಾಗೇ.

ಕೊನೆಗೆ ಅವಳು ಎದ್ದು, ಹೊಸ್ತಿಲ ಮೇಲೆ ನಿಂತು, ತಿರುಗಿ ನಮ್ಮನ್ನೇ ನೋಡಿ "ಬರ್ತೇನ್ರಿ" ಅನ್ನುತ್ತಾಳೆ. ಹೋಗುವಾಗ ನಾವೆಲ್ಲ ಅನ್ನುವ ಮಾತೇ. ಥಿಯೇಟರಿನಲ್ಲಿ ಪಿಟ್ಟೆನ್ನುವವರಿಲ್ಲ. ಆಗ ನನ್ನ ಅವ್ವ, ಮನೆಯಲ್ಲಿ ಬಂದವರಿಗೆ ಹೇಳಿ ಹೇಳಿ ರೂಢಿಯಾಗಿತ್ತಲ್ಲ, ಗಟ್ಟಿಯಾಗಿ "ಹ್ಞೂನವಾ, ಹೋಗಿ ಬಾ" ಅಂದುಬಿಟ್ಟಳು.

ಜನ ಬಿದ್ದು ಬಿದ್ದು ನಕ್ಕರು. ಪರದೆಯ ಮೇಲೆ ಹೆಸರುಗಳು ಮುಗಿದರೂ ಆ ನಗು ನಿಲ್ಲಲಿಲ್ಲ. ಅವ್ವ ಮಾತ್ರ ನಗಲಿಲ್ಲ. ಬಸ್ಸು ಡಂಬಳ ದಾಟಿದ ಮೇಲೆ ನನ್ನ ಕೈ ಹಿಡಿದು, "ಯವ್ವಾ, ನಾನ ಆಕಿಗೆ ಬಾ ಅಂದೆನಲ್ಲ" ಅಂದಳು.

ಮರುದಿನದಿಂದ ನಮ್ಮ ಹಿತ್ತಲ ಬಾಗಿಲಿಗೆ ಅಗಳಿ ಬಿತ್ತು. ಬೇಸಿಗೆಯಲ್ಲಿ ಅಡುಗೆಮನೆ ಕುದಿಯುತ್ತಿದ್ದರೂ ಅವ್ವ ತೆಗೆಯಗೊಡಲಿಲ್ಲ. ಓಣಿಯವರು ಕಳ್ಳರ ಅಂಜಿಕೆ ಎಂದುಕೊಂಡರು. ಅವ್ವ ಹೋದ ಮೇಲೂ ಅದನ್ನು ತೆಗೆಯಲು ನನಗೆ ಕೈ ಬರಲಿಲ್ಲ.

ಆ ನಿರ್ದೇಶಕರು ಮುಂದೆ ಸಿನಿಮಾ ಮಾಡಲೇ ಇಲ್ಲ. ನಾನು ಅವರ ಹಳೆಯವನ್ನೆಲ್ಲ ಹುಡುಕಿ ಹುಡುಕಿ ನೋಡಿದೆ, ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಸೀಡಿಯಲ್ಲಿ, ಈಗ ಮೊಬೈಲಿನಲ್ಲಿ. ಬಳೆ ಇಡಿಸಿಕೊಳ್ಳಲು ಬಂದವರಿಗೆಲ್ಲ ಕಥೆ ಹೇಳುತ್ತಿದ್ದೆ. ಕೈ ನನ್ನ ಕೈಯಲ್ಲಿರುವಾಗ ಪಾಪ, ಎದ್ದು ಹೋಗುವ ಹಾಗಿಲ್ಲವಲ್ಲ. ಹಾಗೆ ಒಮ್ಮೆ ಲಕ್ಷ್ಮೇಶ್ವರದ ಹೆಣ್ಣುಮಗಳೊಬ್ಬಳು ಕಥೆ ಪೂರ್ತಿ ಕೇಳಿ, ಅವರು ತನ್ನ ಸೋದರಮಾವ, ಈಗ ತಮ್ಮ ಮನೆಯಲ್ಲೇ ಇದ್ದಾರೆ, ಮೈಯಲ್ಲಿ ಆರಾಮಿಲ್ಲ ಅಂದಳು. ಜನ ಹೇಗೆ ಅಂಜುತ್ತಾರೆ ನೋಡೋಣ ಎಂದು ಆವತ್ತು ಗದಗಿನ ಥಿಯೇಟರಿನಲ್ಲಿ ಹಿಂದೆ ಕೂತಿದ್ದರಂತೆ. ಆ ನಗು ಕೇಳಿಯೇ ಸಿನಿಮಾದ ಸಹವಾಸ ಬಿಟ್ಟರಂತೆ.

ಜನ ನಕ್ಕಿದ್ದು ನನ್ನ ಅವ್ವನಿಗೆ, ಅವರ ದೆವ್ವಕ್ಕಲ್ಲ. ಇದನ್ನು ಅವರು ತಿಳಿಯದೆ ಹೋಗಿಬಿಟ್ಟರೆ?

ಮರುದಿನವೇ ಅಂಗಡಿ ಮುಚ್ಚಿ, ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಲಕ್ಷ್ಮೇಶ್ವರಕ್ಕೆ ಹೋದೆ. ಪಡಸಾಲೆಯಲ್ಲಿ ಶಾಲು ಹೊದ್ದು ಕೂತಿದ್ದರು, ತೀರಾ ಸಣ್ಣಗಾಗಿದ್ದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಬಾಗಿಲಿನ ಸಂಗತಿಯನ್ನು ಇನ್ನೊಮ್ಮೆ ಹೇಳಿಸಿದರು.

"ಎಷ್ಟ ದಿನಾ ಹಾಕಿದ್ರಿ?"

"ಅವ್ವ ಹೋಗಿ ಭಾಳ ವರ್ಷ ಆತ್ರಿ. ಬಾಗಿಲಾ ಇನ್ನೂ ಹಾಕೇ ಐತಿ."

ಅವರು ಒಳಗೆ ತಿರುಗಿ ಸೋದರಸೊಸೆಗೆ ಹೇಳಿದರು, "ಇವ್ರಿಗೆ ಚಾ ಮಾಡವಾ. ಇವ್ರ ಅವ್ವಾರು ಅಂಜಿದ್ರಂತ."

ಆ ಮುಖದಲ್ಲಿದ್ದ ಸಂತೋಷವನ್ನು ನಾನು ಮರೆಯುವುದಿಲ್ಲ. ಚಹಾ ಕುಡಿದು ಎದ್ದವಳು ಬಾಗಿಲಲ್ಲಿ ನಿಂತು "ಬರ್ತೇನ್ರಿ" ಅಂದೆ. ಅಂದ ಮೇಲೆ ಹೊಳೆಯಿತು. ಇಬ್ಬರೂ ನಕ್ಕೆವು. "ಹ್ಞೂಂ, ಹೋಗಿ ಬರ್ರಿ" ಅಂದರು.

ಕೆಲವೇ ತಿಂಗಳಲ್ಲಿ ಅವರು ಹೋದ ಖಬರು ಬಂತು. ಮನೆಯವರನ್ನು ಮಾತಾಡಿಸಲು ಹೋದೆ. ಸತ್ತವರ ಮನೆಯಿಂದ ಏಳುವಾಗ ಬರ್ತೇನಿ ಎನ್ನಬಾರದು, ಸುಮ್ಮನೆ ಎದ್ದು ಬರಬೇಕು. ನಾಲಿಗೆಯ ತುದಿಗೆ ಬಂದಿದ್ದನ್ನು ನುಂಗಿಕೊಂಡು ಎದ್ದು ಬಂದೆ.

ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಗಂಡ ಉಂಡು ಅಡ್ಡಾಗಿದ್ದ. ನಾನು ಅಡುಗೆಮನೆಗೆ ಹೋಗಿ, ಒಂದು ತಂಬಿಗೆ ನೀರು ತುಂಬಿಟ್ಟು, ಹಿತ್ತಲ ಬಾಗಿಲಿನ ಅಗಳಿ ತೆಗೆದೆ.