ಮುನಿಶಾಮಮ್ಮ ಸಮ ಮಾಡಿದ ಮೂಲೆ

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್‌ಮನೆಗಳ ಹಿಂದೆ, ಗಣಿಯಿಂದ ಬಂದ ಬೂದುಮಣ್ಣನ್ನು ವರ್ಷಗಟ್ಟಲೆ ಸುರಿದು ಗುಡ್ಡವಾಗಿದ್ದ ಜಾಗದ ಬುಡದಲ್ಲಿ ಒಂದು ಹಾಕಿ ಮೈದಾನವಿತ್ತು. ಆ ಗುಡ್ಡಕ್ಕೆ ಎಲ್ಲರೂ ಡಂಪ್ ಎನ್ನುತ್ತಿದ್ದರು. ಮೈದಾನದ ಎರಡು ಗೋಲುಗಳಿಗೂ ಅದೇ ಲೆಕ್ಕದಲ್ಲಿ ಹೆಸರು: ಒಂದು ಡಂಪ್ ಕಡೆ, ಇನ್ನೊಂದು ರಸ್ತೆ ಕಡೆ. ಹುಲ್ಲಿನ ಸುಳಿವಿರಲಿಲ್ಲ. ಕೆಂಪು ಗರಸು ಮಣ್ಣು, ಒಣಗಿದರೆ ಕಾವಲಿಯಂತೆ ಗಟ್ಟಿ. ಅದನ್ನು ಆಟಕ್ಕೆ ಸಜ್ಜು ಮಾಡುತ್ತಿದ್ದವಳು ಮುನಿಶಾಮಮ್ಮ.

ಬಂಗಾರಪೇಟೆಯಿಂದ ಎರಡು ಮೈಲಿ ಆಚೆ ಅವಳ ಊರು. ಮೊದಲು ಈ ಕೆಲಸ ಅವಳ ಗಂಡ ಬಚ್ಚಪ್ಪನದು. ಎಪ್ಪತ್ತೊಂದರಲ್ಲಿ ಅವನ ಎದೆ ಕೆಟ್ಟು ರೋಲರ್ ಎಳೆಯಲಾಗದೆ ಹೋದಾಗ, ಮೈದಾನ ನಡೆಸುತ್ತಿದ್ದ ಕ್ಲಬ್ಬಿನವರು ಬೇರೆಯವರನ್ನು ಹುಡುಕುವ ಮೊದಲೇ ಅವಳು ಬಂದು ಕೆಲಸಕ್ಕೆ ನಿಂತಳು. ದಿನವೂ ಬೆಳಗಿನ ಮಾರಿಕುಪ್ಪಂ ರೈಲುಗಾಡಿಯಲ್ಲಿ ಬರುವುದು, ಸಂಜೆ ಅದೇ ಗಾಡಿಯಲ್ಲಿ ಮರಳುವುದು. ನಡುವೆ ಕಲ್ಲು ಆರಿಸಬೇಕು, ನೀರು ಚಿಮುಕಿಸಬೇಕು, ರೋಲರ್ ಎಳೆಯಬೇಕು, ಸುಣ್ಣದ ಗೆರೆ ಹಾಕಬೇಕು. ಪಂದ್ಯ ಶುರುವಾದ ಮೇಲೆ ಅವಳಿಗೆ ಕೆಲಸವಿಲ್ಲ. ಡಂಪ್ ಕಡೆಯ ಗೋಲಿನ ಹಿಂದೆ ಒಂದು ಬೇವಿನ ಗಿಡ ಇತ್ತು. ಅದರ ನೆರಳಿನಲ್ಲಿ ಕೂತು ಆಟ ನೋಡುತ್ತಿದ್ದಳು. ಹದಿಮೂರು ವರ್ಷ ಹಾಗೆ ನೋಡಿದ್ದಳು. ಅವಳಿಗೆ ಆಟ ಗೊತ್ತಿರಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಾವು ಎಂದರೆ ಎದುರಿನ ಟೀ ಅಂಗಡಿಯ ಬೆಂಚಿನವರು. ರಾಬರ್ಟ್‌ಸನ್‌ಪೇಟೆಯ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು, ಬಂಗಾರಪೇಟೆ ಕಡೆಯಿಂದ ಲೈನ್‌ಗಳಿಗೆ ಹಾಲು ತರುತ್ತಿದ್ದ ಕೋದಂಡಪ್ಪ, ಗಣಿಯಿಂದ ನಿವೃತ್ತನಾದ ಮುನಿಸ್ವಾಮಪ್ಪ. ಮುನಿಸ್ವಾಮಪ್ಪ ಒಂದು ಕಾಲದಲ್ಲಿ ಗೋಲ್‌ಕೀಪರ್ ಆಗಿದ್ದ. ಮುಂದಿನ ಎರಡು ಹಲ್ಲು ಆ ಕಾಲಕ್ಕೇ ಹೋಗಿದ್ದವು.

ಎಂಬತ್ತನಾಲ್ಕರ ಮಾರ್ಚ್ ತಿಂಗಳು. ನಮ್ಮ ‘ಯುನೈಟೆಡ್ ಲೈನ್ಸ್’ ತಂಡದ ಬಲಬದಿಯ ಬ್ಯಾಕ್ ಪೆರುಮಾಳ್‌ಗೆ ಬೆಂಗಳೂರಿನಿಂದ ಒಂದು ಕಾಗದ ಬಂತು. ದೊಡ್ಡ ಕಾರ್ಖಾನೆಯೊಂದರ ಹಾಕಿ ತಂಡಕ್ಕೆ ಅವನನ್ನು ಕರೆದಿದ್ದರು. ಆಡುವುದಕ್ಕೇ ಸಂಬಳ, ಆಟ ನಿಂತ ಮೇಲೂ ಅಲ್ಲೇ ನೌಕರಿ. ಮೇ ಒಂದಕ್ಕೆ ಹಾಜರಾಗಬೇಕು. ಪೆರುಮಾಳ್‌ಗೆ ಆಗ ಇಪ್ಪತ್ತೊಂದು. ಅಪ್ಪ ಗಣಿಯೊಳಗೆ ಬಂಡೆ ಕೊರೆಯುವವನು. ನಮ್ಮ ಮೈದಾನದಿಂದ ಅಂಥ ತಂಡಕ್ಕೆ ಯಾರೂ ಹೋಗಿ ಎಂಟು ವರ್ಷವಾಗಿತ್ತು.

ಅಂದು ಸಂಜೆ ಬೆಂಚಿನ ಮೇಲೆ ಬೇರೆ ಮಾತೇ ಇಲ್ಲ.

“ಎರಡೇ ವರ್ಷ ನೋಡ್ಕೊಳ್ಳಿ, ಇಂಡಿಯಾಕ್ಕೆ ಆಡ್ತಾನೆ,” ಎಂದ ಕೋದಂಡಪ್ಪ. “ಅವನ್ ಮುಂದೆ ಬಂದ ಚೆಂಡು ಯಾವತ್ತಾನ ದಾಟಿ ಓಗೈತಾ? ಅಂಗೇ ಕಿತ್ಕೊಳ್ತಾನೆ, ಮಗುವಿನ್ ಕೈಯಿಂದ ಕಿತ್ಕೊಂಡಂಗೆ.”

“ರಸ್ತೆ ಕಡೆ ಆಡ್ವಾಗ ದಾಟಿ ಓಗೈತೆ,” ಎಂದ ಮುನಿಸ್ವಾಮಪ್ಪ. “ಡಂಪ್ ಕಡೆ ಆಡ್ವಾಗ ಹುಲಿ. ರಸ್ತೆ ಕಡೆ ಬಂದ್ರೆ ಹಿಂದಕ್ಕೆ ಹಿಂದಕ್ಕೆ ಓಗ್ತಾನೆ. ನಾನ್ ನೋಡಿದೀನಿ.”

“ಅದು ಬಿಸ್ಲು ಕಣಯ್ಯ. ರಸ್ತೆ ಕಡೆ ನಿಂತ್ರೆ ಬಿಸ್ಲು ಕಣ್ಗೆ ಒಡೀತದೆ.”

ಬಿಸಿಲೆಂದೇ ನಾನೂ ನಂಬಿದ್ದೆ. ಬೇರೆ ಮೈದಾನಗಳಲ್ಲಿ ಅವನ ಆಟ ಸಾಧಾರಣವಾದಾಗಲೂ ನಮ್ಮಲ್ಲಿ ಕಾರಣಗಳಿಗೆ ಕೊರತೆ ಇರಲಿಲ್ಲ: ಹೊಟ್ಟೆನೋವು, ರೈಲಿನ ಆಯಾಸ, ಅಂಪೈರ್. ಬೆಂಗಳೂರಿನ ಆಯ್ಕೆಗಾರರು ಅವನನ್ನು ನೋಡಿದ್ದು ನಮ್ಮ ಮೈದಾನದಲ್ಲಿ, ಎರಡನೇ ಅರ್ಧದಲ್ಲಿ, ಡಂಪ್ ಕಡೆ.

ಮುಂದೆ ನಡೆದದ್ದು ನಮಗೆ ತಿಳಿದದ್ದು ಎರಡು ವರ್ಷ ಕಳೆದ ಮೇಲೆ. ಆದರೂ ನಡೆದ ಹಾಗೇ ಹೇಳುತ್ತೇನೆ.

ಡಂಪ್ ಕಡೆಯ ಬಲಮೂಲೆಯಲ್ಲಿ, ಗೋಲಿನಿಂದ ಹದಿನೈದು ಗಜ ದೂರದಲ್ಲಿ, ನೆಲದ ಕೆಳಗೆ ಒಂದು ಬಂಡೆ ಇತ್ತು. ಮಳೆ ಬಂದು ಮಣ್ಣು ಕೊಚ್ಚಿದಾಗಲೆಲ್ಲ ಅದರ ಬೆನ್ನು ಒಂದು ಬೆರಳಿನಷ್ಟು ಮೇಲೆ ಕಾಣುತ್ತಿತ್ತು. ಮುನಿಶಾಮಮ್ಮ ಅದರ ಮೇಲೆ ಮಣ್ಣೆಳೆಯುತ್ತಿದ್ದಳು. ನೋಟಕ್ಕೆ ಸಮವಾಗುತ್ತಿತ್ತು, ಆದರೆ ನೆಲ ಸ್ವಲ್ಪ ಉಬ್ಬಿಯೇ ಇರುತ್ತಿತ್ತು. ವೇಗವಾಗಿ ಬಂದ ಚೆಂಡು ಅಲ್ಲಿ ಒಂದು ಗೇಣು ಹಾರುತ್ತಿತ್ತು. ಪೆರುಮಾಳ್ ಎದುರಾಳಿಯನ್ನು ಮೆಲ್ಲಗೆ, ಬೇರೆ ದಾರಿಯೇ ಇಲ್ಲವೆನ್ನುವ ಹಾಗೆ, ಆ ಜಾಗಕ್ಕೇ ತಳ್ಳಿಕೊಂಡು ಬರುತ್ತಿದ್ದ. ಚೆಂಡು ಹಾರಿ ಎದುರಾಳಿಯ ಕೋಲು ತಪ್ಪಿದ ಕ್ಷಣಕ್ಕೆ ಅವನ ಕೋಲು ಅಲ್ಲಿರುತ್ತಿತ್ತು. ಬೆಂಚಿನಿಂದ ನೋಡಿದರೆ ಅದು ಕೈಚಳಕ. ಗೋಲಿನ ಹಿಂದಿನಿಂದ ನೋಡಿದವಳಿಗೆ ಮಾತ್ರ ಪ್ರತಿ ಸಲವೂ ಅದೇ ಜಾಗ ಎಂಬುದು ಕಂಡಿತ್ತು.

ಕಾಗದ ಬಂದ ಸುದ್ದಿ ಕೇಳಿದ ದಿನ ಅವಳು ಊರಿಗೆ ಹೋಗಿ ಗಂಡನ ಹತ್ತಿರ ಹೇಳಿದಳು. ಬಚ್ಚಪ್ಪ ಹಸುವಿಗೆ ಮೇವು ಹಾಕುತ್ತಿದ್ದ.

“ಆ ಬಂಡೆ ಅವ್ನಿಗೂ ಗೊತ್ತೈತಾ?” ಎಂದು ಕೇಳಿದ. ರೋಲರ್ ಎಳೆಯುತ್ತಿದ್ದ ಕಾಲದಿಂದ ಅವನಿಗೂ ಆ ಬಂಡೆ ಗೊತ್ತು.

“ಗೊತ್ತಿಲ್ದೆ ಅಂಗೆ ಆಡೋಕಾಯ್ತದಾ? ಬೆಂಗ್ಳೂರ್‌ನಲ್ಲಿ ಅವ್ನಿಗೆ ಯಾವ್ ಬಂಡೆ ಸಿಕ್ತದೆ?”

“ನಮ್ಗ್ಯಾಕೆ. ಓಗ್ಲಿ ಬಿಡು. ಕಲ್ತ್ಕೊಳ್ತಾನೆ.”

“ಕಲ್ಯೋಕೆ ಬಿಡ್ತಾರಾ ಅಲ್ಲಿ? ಆರು ತಿಂಗ್ಳು ನೋಡ್ತಾರೆ, ವಾಪಸ್ ಕಳುಸ್ತಾರೆ. ಆಮೇಲೆ ಅವ್ನು ಇಲ್ಲಿ ಎಂಗೆ ಮುಖ ತೋರುಸ್ತಾನೆ?”

ಬಚ್ಚಪ್ಪ ಹಸುವಿನ ಮುಂದೆ ಇನ್ನೊಂದು ಹಿಡಿ ಮೇವು ಹಾಕಿದ. ಅವಳು ಒಲೆ ಹಚ್ಚಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಪೆರುಮಾಳ್ ಒಬ್ಬನೇ ಅಭ್ಯಾಸಕ್ಕೆ ಬಂದಿದ್ದ. ಅವಳು ನೀರಿನ ಬಿಂದಿಗೆ ಕೆಳಗಿಟ್ಟು ನೇರವಾಗಿ ಆ ಮೂಲೆಗೆ ಹೋಗಿ ನಿಂತಳು.

“ತಂಬಿ, ಇಲ್ ಬಾ. ಈ ಕಲ್ಲು ನಿನ್ ಜೊತೆ ರೈಲ್ ಅತ್ಕೊಂಡ್ ಬರಲ್ಲ.”

ಅವನ ಮುಖ ಕಪ್ಪಿಟ್ಟಿತು. “ಎಂಥ ಕಲ್ಲು ಅಕ್ಕಾ?” ಎಂದ.

“ನಂಗೆ ಸುಳ್ಳು ಬ್ಯಾಡ. ನಾನು ಯಾರ್ಗೂ ಏಳಿಲ್ಲ, ಏಳೋದೂ ಇಲ್ಲ. ನೆಲ ಸಮ ಮಾಡೋದು ನನ್ ಕೆಲ್ಸ. ನೀನ್ ಗೆಲ್ತಿದ್ದೆ, ಎಲ್ರೂ ಖುಷಿಯಾಗಿದ್ರು, ನಾನೂ ಸುಮ್ನಿದ್ದೆ. ಅದು ನನ್ ತಪ್ಪು. ಇನ್ನ ನಲವತ್ತು ದಿನ ಐತೆ. ಇದನ್ನ ತೆಗ್ಯೋಣ. ಸಮ ನೆಲದ್ ಮೇಲೆ ಆಡೋದು ಕಲ್ತ್ಕೊಂಡ್ ಓಗು. ಬ್ಯಾಡ ಅಂದ್ರೆ ನೀನ್ ಓದ್ಮೇಲೆ ತೆಗೀತೀನಿ.”

ಅವನು ಕೋಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಎರಡು ದಿನ ಮೈದಾನಕ್ಕೆ ಬರಲಿಲ್ಲ. ಅವಳು ಆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ತನ್ನದಲ್ಲದ ಮಾತನ್ನು ಆಡಿದೆ ಎಂಬ ಸಂಕಟ. ಮೂರನೇ ದಿನ ಬೆಳಗಿನ ಗಾಡಿ ಇಳಿದು ಬಂದು ನೋಡಿದರೆ ಅವನು ಆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಅಪ್ಪನ ಉಳಿ, ಸುತ್ತಿಗೆ.

“ಎಷ್ಟು ಆಳ ಒಡೀಬೇಕಕ್ಕಾ?” ಎಂದ.

ನಾಲ್ಕು ಬೆಳಗು ಅವರಿಬ್ಬರೂ ಆ ಬಂಡೆಯ ಬೆನ್ನು ಕೆತ್ತಿದರು. ಹೊಂಡಕ್ಕೆ ಕೆಮ್ಮಣ್ಣು, ಅದರ ಮೇಲೆ ಹುತ್ತದ ಮಣ್ಣು ತುಂಬಿ ನೀರು ಹಾಕಿ ರೋಲರ್ ಎಳೆದರು. ನಂತರ ಬೆಳಿಗ್ಗೆ ಅವಳು ಚೆಂಡನ್ನು ಕೈಯಿಂದ ಉರುಳಿಸುವಳು, ಅವನು ಓಡಿಬಂದು ತಡೆಯುವನು. ಆಟಗಾರಳಲ್ಲದ ಹೆಂಗಸು ಹೇಳಿಕೊಡುವುದು ಎಷ್ಟು? ಒಂದೇ ಮಾತು ಅವಳದು. “ಎಡಗಾಲು ಮೊದ್ಲೇ ಎತ್ತುಬ್ಯಾಡ. ಚೆಂಡು ಬರೋವರ್ಗೂ ಕಾಯಿ.”

ಏಪ್ರಿಲ್ ತಿಂಗಳಲ್ಲಿ ನಮ್ಮ ತಂಡಕ್ಕೆ ಮೂರು ಪಂದ್ಯ ಇದ್ದವು. ಮೂರರಲ್ಲೂ ಪೆರುಮಾಳ್ ಕೆಟ್ಟದಾಗಿ ಆಡಿದ. ಎದುರಾಳಿಗಳು ಅವನ ಎಡಕ್ಕೂ ಬಲಕ್ಕೂ ನುಗ್ಗಿ ಹೋದರು. ಮೂರನೆಯದು ಸೆಮಿಫೈನಲ್, ಊರ್ಗಾಂ ಕಡೆಯ ತಂಡದ ಮೇಲೆ. ಹೊಸದಾಗಿ ತುಂಬಿದ ಮಣ್ಣು ಇನ್ನೂ ಪೂರಾ ಗಟ್ಟಿಯಾಗಿರಲಿಲ್ಲ. ಅವನು ಅಲ್ಲೇ ಜಾರಿ ಬಿದ್ದ, ಅಲ್ಲಿಂದಲೇ ಗೋಲಾಯಿತು. ಮೂರು–ಒಂದಕ್ಕೆ ಸೋತೆವು.

ಬೆಂಚಿನ ಮೇಲೆ ತಿಂಗಳ ಹಿಂದೆ ಹೊಗಳಿದ ಬಾಯಿಗಳೇ ತಿರುಗಿದವು. ಕರೆ ಬಂದದ್ದು ತಲೆಗೇರಿದೆ, ಬೆಂಗಳೂರಿಗೆ ಹೋಗುವ ಕಾಲು ನೋಯಬಾರದೆಂದು ಹುಷಾರಾಗಿ ಆಡುತ್ತಿದ್ದಾನೆ ಎಂದೆವು. ನಾನೂ ಅಂದೆ. ಆಮೇಲೆ ಕೋದಂಡಪ್ಪನ ಕಣ್ಣು ಆ ಮೂಲೆಯ ಮಣ್ಣಿನ ಬಣ್ಣದ ಮೇಲೆ ಬಿತ್ತು. ಎದ್ದು ನೇರ ಮುನಿಶಾಮಮ್ಮನ ಹತ್ತಿರ ಹೋದ. ನಾವೂ ಹಿಂದೆ ಹೋದೆವು.

“ಯಾರಮ್ಮಾ ಏಳಿದ್ದು ನಿಂಗೆ ಟೂರ್ನಮೆಂಟ್ ನಡ್ಯೋವಾಗ ಇಲ್ಲಿ ಅಗಿಯೋಕೆ?”

“ನೆಲ ಎದ್ದಿತ್ತಣ್ಣ. ಸಮ ಮಾಡ್ದೆ,” ಎಂದಳು ಮುನಿಶಾಮಮ್ಮ.

“ಹದಿಮೂರು ವರ್ಷ ಇಲ್ಲದ್ದು ಈಗ ಎದ್ದಿತ್ತಾ? ಆ ಉಡುಗನ್ ಕಾಲು ಮುರ್ದಿದ್ರೆ?”

ಪೆರುಮಾಳ್ ಅಷ್ಟು ದೂರದಲ್ಲಿ ಷೂ ಬಿಚ್ಚುತ್ತಿದ್ದವನು ಎದ್ದುನಿಂತ. ಅವಳು ಅವನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಅದನ್ನು ನಾನು ಕಂಡೆ. ಅವಳಿಗೆ ಹೆದರಿ ಸುಮ್ಮನಾಗಿದ್ದಾನೆ ಎಂದುಕೊಂಡೆ. ಕೋದಂಡಪ್ಪ ಬಾಯಿಗೆ ಬಂದದ್ದನ್ನೆಲ್ಲ ಅಂದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಲಿನ ಬಲೆ ಬಿಚ್ಚುತ್ತಲೇ ಇದ್ದಳು.

ಕ್ಲಬ್ಬಿನವರು ಅವಳನ್ನು ಒಂದು ತಿಂಗಳು ಕೆಲಸದಿಂದ ನಿಲ್ಲಿಸಿದರು. ಅವಳು ಆ ತಿಂಗಳು ತನ್ನೂರಿನ ಪಕ್ಕದ ತೋಪಿನಲ್ಲಿ ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋದಳು. ಪೆರುಮಾಳ್ ಮೇ ಒಂದಕ್ಕೆ ಬೆಂಗಳೂರಿಗೆ ಹೋದ. ಅವನನ್ನು ಕಳಿಸಲು ಸ್ಟೇಷನ್ನಿಗೆ ಬಂದದ್ದು ಅವನ ಮನೆಯವರು, ಇಬ್ಬರೋ ಮೂವರೋ ಜೊತೆಯ ಆಟಗಾರರು. ಹೂಹಾರ ಹಾಕಬೇಕೆಂದು ಮಾರ್ಚ್‌ನಲ್ಲಿ ಮಾತಾಡಿಕೊಂಡಿದ್ದ ನಾವು ಯಾರೂ ಹೋಗಲಿಲ್ಲ.

ಎಂಬತ್ತಾರರಲ್ಲಿ ನಾನೂ ಕೋದಂಡಪ್ಪನೂ ಬೆಂಗಳೂರಿಗೆ ಹೋಗಿ ಒಂದು ಪಂದ್ಯ ನೋಡಿದೆವು. ಪೆರುಮಾಳ್‌ನನ್ನು ಕೊನೆಯ ಇಪ್ಪತ್ತೈದು ನಿಮಿಷಕ್ಕೆ ಇಳಿಸಿದರು. ಕೈಚಳಕ ಏನೂ ಕಾಣಲಿಲ್ಲ. ಚೆಂಡು ಬಂದಾಗ ಸರಿಯಾದ ಜಾಗದಲ್ಲಿ ಇರುತ್ತಿದ್ದ, ತಡೆದು ಪಕ್ಕದವನಿಗೆ ಕೊಡುತ್ತಿದ್ದ. ಯಾರೂ ಚಪ್ಪಾಳೆ ತಟ್ಟುವಂಥದ್ದಲ್ಲ. ಅವನ ಕಡೆಯಿಂದ ಗೋಲೂ ಆಗಲಿಲ್ಲ. ಪಂದ್ಯ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕೂಡಿಸಿಕೊಂಡು ಅವನೇ ಎಲ್ಲ ಹೇಳಿದ. ಬಂಡೆ, ಉಳಿ, ಬೆಳಗಿನ ಅಭ್ಯಾಸ. “ಆವತ್ತೇ ಹೇಳ್ತಿದ್ದೆ ಅಣ್ಣಾ. ಅಕ್ಕ ಬೇಡ ಅಂದ್ರು. ಆ ಒಂದು ತಿಂಗಳು ಅವರಿಗೆ ಕೆಲಸ ಇಲ್ಲ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ,” ಎಂದ.

ವಾಪಸು ಬರುವಾಗ ಕೋದಂಡಪ್ಪ ವೈಟ್‌ಫೀಲ್ಡ್‌ನಿಂದ ಬಂಗಾರಪೇಟೆವರೆಗೆ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಮರುದಿನ ಹಾಲು ಹಾಕಿದ ಮೇಲೆ ಮೈದಾನಕ್ಕೆ ಬಂದ. ನಾನೂ ರಜೆ ಹಾಕಿ ಹೋಗಿದ್ದೆ. ಅವಳು ಸುಣ್ಣ ಕಲಸುತ್ತಿದ್ದಳು.

“ನೀನು ಅವತ್ತೇ ಯಾಕಮ್ಮ ಏಳ್ಲಿಲ್ಲ?” ಎಂದ ಕೋದಂಡಪ್ಪ.

ಅವಳು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. “ಏಳಿದ್ರೆ ನೀವು ಅವ್ನ ಎಸರನ್ನ ಬೆಂಗ್ಳೂರ್ ಗಂಟ ಕೆಡಿಸ್ತಿದ್ರಿ. ನಂದಾದ್ರೆ ಇಲ್ಲೇ ಮುಗೀತದೆ.”

ಕೋದಂಡಪ್ಪ ತಪ್ಪಾಯಿತು ಎನ್ನಲಿಲ್ಲ. ಆ ಮಾತು ಅವನ ಬಾಯಲ್ಲಿ ಬರುವಂಥದ್ದಲ್ಲ. ಸುಣ್ಣದ ಡಬ್ಬ ಎತ್ತಿಕೊಂಡು ರಸ್ತೆ ಕಡೆಯ ಗೋಲಿನವರೆಗೂ ಅವಳ ಹಿಂದೆ ನಡೆದ. ನಾನು ಹಗ್ಗದ ತುದಿ ಹಿಡಿದುಕೊಂಡೆ. ಅಂದಿನ ಗೆರೆಗಳು ಸೊಟ್ಟಗೆ ಬಂದವು, ಅವಳು ಅರ್ಧವನ್ನು ಅಳಿಸಿ ಮತ್ತೆ ಹಾಕಿದಳು.

ಪೆರುಮಾಳ್ ಆ ತಂಡಕ್ಕೆ ಏಳು ವರ್ಷ ಆಡಿದ. ಇಂಡಿಯಾಕ್ಕೆ ಆಡಲಿಲ್ಲ. ರಾಜ್ಯ ತಂಡದ ಮೀಸಲು ಪಟ್ಟಿಯಲ್ಲಿ ಒಮ್ಮೆ ಹೆಸರು ಬಂದಿತ್ತು. ಮಂಡಿ ನೋವು ಬಂದ ಮೇಲೆ ಕಾರ್ಖಾನೆಯ ಉಗ್ರಾಣದಲ್ಲಿ ಕೂತ. ಮುನಿಶಾಮಮ್ಮ ತೊಂಬತ್ತಮೂರರವರೆಗೆ ದುಡಿದಳು. ಆ ಹೊತ್ತಿಗೆ ಗಣಿಗಳ ಕೆಲಸ ಕುಗ್ಗುತ್ತ ಬಂದು, ಲೈನ್‌ಗಳಲ್ಲಿ ತಂಡ ಕಟ್ಟುವಷ್ಟು ಹುಡುಗರು ಸಿಗುವುದೇ ಕಷ್ಟವಾಗಿತ್ತು.

ಅವಳು ಕೆಲಸ ಬಿಟ್ಟ ದಿನ ಅವಳೂ ನಾನೂ ರೈಲಿನ ಒಂದೇ ಡಬ್ಬಿಯಲ್ಲಿ ಬಂಗಾರಪೇಟೆಗೆ ಬಂದೆವು. ಪೆರುಮಾಳ್‌ನ ಮಾತು ಬಂತು. ನೀನು ಅಂದು ಮಾಡಿದ್ದರಿಂದಲೇ ಅವನು ಅಲ್ಲಿ ನಿಂತ ಎಂದೆ. ಅವಳು ಒಪ್ಪಲಿಲ್ಲ.

“ನಂಗೆ ಗೊತ್ತಿಲ್ಲ ಸಾಮಿ. ಸುಮ್ನಿದ್ದಿದ್ರೂ ಅವ್ನು ಅಲ್ಲಿ ಓಗಿ ಕಲ್ತ್ಕೊಳ್ತಿದ್ನೋ ಏನೋ. ಇವ್ರ್ ಏಳ್ತಿದ್ರು, ನಮ್ ಯಜಮಾನ್ರು. ನಾನ್ ಕೇಳ್ಲಿಲ್ಲ. ಅವ್ನಿಗೆ ಇಲ್ಲಿ ಇದ್ದಿದ್ದು ಒಂದೇ ತಿಂಗ್ಳು. ಆ ತಿಂಗ್ಳು ಎಲ್ರೂ ಅವ್ನ ಹೊಗಳ್ಬೋದಿತ್ತು, ಹೂವಿನಾರ ಹಾಕಿ ಕಳುಸ್ಬೋದಿತ್ತು. ನಾನು ಅದನ್ನ ಕಿತ್ಕೊಂಡೆ.” ಸೆರಗು ಸರಿಮಾಡಿಕೊಂಡು ಹೇಳಿದಳು, “ಅವ್ನು ಆರು ತಿಂಗ್ಳಿಗೆ ವಾಪಸ್ ಬರ್ಲಿಲ್ಲ ಅಂತ ಗೊತ್ತಾದ್ಮೇಲೇನೇ ನಂಗೆ ನಿದ್ದೆ ಬಂದಿದ್ದು. ಅವ್ನಿಗೋಸ್ಕರ ಅಂತ ಅಲ್ಲ. ನನಗೋಸ್ಕರ.”

ನಾನೂ ಆ ತಿಂಗಳು ಅವನಿಂದ ಏನು ಕಿತ್ತುಕೊಂಡಿದ್ದೆ ಎಂದು ಯೋಚಿಸುತ್ತಿದ್ದೆ. ಬಂಗಾರಪೇಟೆ ಬಂತು. ರಾಬರ್ಟ್‌ಸನ್‌ಪೇಟೆಯ ಸಂತೆಯಲ್ಲಿ ಬಚ್ಚಪ್ಪನಿಗೆಂದು ಕೊಂಡ ಒಂದು ಹೊಸ ಕಂಬಳಿ ಅವಳ ಮಡಿಲಲ್ಲಿತ್ತು. ಇಳಿಯುವಾಗ ಅದನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲಿನ ಕಂಬಿ ಹಿಡಿದು ಮೆಲ್ಲಗೆ ಇಳಿದಳು. ಕಂಬಳಿ ಈಸಿಕೊಂಡು, “ಬತ್ತೀನಿ ಸಾಮಿ,” ಎಂದು ತನ್ನೂರಿನ ಬಸ್ಸು ನಿಲ್ಲುವ ಕಡೆ ನಡೆದಳು.